ಭಾರವಾದ ಸಂಗೀತದ ಪೂರ್ಣತೆ

‘ಹೆವಿ ಮೆಟಲ್’ ಎಂಬ ಗಡಸು ಸಂಗೀತವು ಕೇವಲ ಅಬ್ಬರವೆಂದು ನಾವು ಭಾವಿಸುವುದುಂಟು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ನಾಲ್ವರು ತರುಣರ ‘ಬ್ಲ್ಯಾಕ್ ಸಬ್ಬತ್’ ವೃಂದವು 1970ರಲ್ಲಿ ಹೊರತಂದ ‘ಪ್ಯಾರನಾಯ್ಡ್’ ಧ್ವನಿಮುದ್ರಿಕೆಯು ಈ ಭಾವನೆಯನ್ನು ತಿದ್ದುತ್ತದೆ. ಅದರಲ್ಲಿ 8 ರಚನೆಗಳಿವೆ. ಮೊದಲನೆಯದು ಯುದ್ಧವನ್ನು ಖಂಡಿಸುವ, ಸುಮಾರು 8 ನಿಮಿಷಗಳ ದೀರ್ಘಗೀತೆ. ಎರಡನೆಯದು 3 ನಿಮಿಷಗಳೊಳಗೆ ಓಡಿ ಮುಗಿಯುತ್ತದೆ. ಮೂರನೆಯದಾದ ‘ಪ್ಲಾನೆಟ್ ಕ್ಯಾರವಾನ್’ ಪಿಸುಮಾತಿನಷ್ಟು ಮೃದು. ಆ ಶಾಂತಿಯ ಬೆನ್ನಿಗೇ ‘ಐರನ್ ಮ್ಯಾನ್’ ಗೀತೆಯ ನಿಧಾನವಾದ ಭೇರಿಯ ಪೆಟ್ಟುಗಳು ಬೀಳುವುದರಿಂದ ಅವು ನಮಗೆ ಅಷ್ಟು ಭಾರವೆನಿಸುತ್ತವೆ. ಆ ಗೀತೆಯೊಂದನ್ನೇ ಬಿಡಿಯಾಗಿ ಕೇಳಿದರೆ ಅದರ ಬಲವು ಬಹಳವಾಗಿ ಕುಂದುತ್ತದೆ. ಮೃದುತ್ವವು ನೆರೆಯಲ್ಲಿದ್ದಾಗಲೇ ಗಡಸುತನಕ್ಕೆ ತೂಕ ಬರುವುದು. ಕ್ರಮವರಿತು ಜೋಡಿಸಿದಾಗಲೇ ಕೃತಿಯು ಪೂರ್ಣವಾಗುವುದು. ಆದುದರಿಂದ, ವಿದ್ಯಾರ್ಥಿಮಿತ್ರರೇ, ಯಾವ ಕೃತಿಯನ್ನೇ ಆಗಲಿ ಆದಿಯಿಂದ ಅಂತ್ಯದವರೆಗೆ ಕೇಳಿದ ಬಳಿಕವೇ ನಾವು ಅದಕ್ಕೆ ಬೆಲೆಗಟ್ಟೋಣ.