ಲಿಥಿಯಂ: ಮಾತ್ರೆಯ ಲೆಕ್ಕ, ರಕ್ತದ ಲೆಕ್ಕ

ಆನವಟ್ಟಿಯಿಂದ ಶಿರಾಳಕೊಪ್ಪ, ಶಿಕಾರಿಪುರಗಳನ್ನು ಹಾದು ಶಿವಮೊಗ್ಗೆಗೆ ಹೋಗುವ ಮುಂಜಾವಿನ ಬಸ್ಸಿನಲ್ಲಿ ಒಬ್ಬ ತರುಣನು ಕುಳಿತಿರುವನೆಂದು ಭಾವಿಸೋಣ. ಉನ್ಮಾದವೂ ಖಿನ್ನತೆಯೂ ಸರದಿಯಂತೆ ಬಂದು ಕಾಡುವ ಮನೋವ್ಯಾಧಿಗಾಗಿ ಆತನು ದಿನಕ್ಕೆ ಎರಡು ಹೊತ್ತು ಲಿಥಿಯಂ ಸೇವಿಸುತ್ತಾನೆ. ಈಗ ರಕ್ತಪರೀಕ್ಷೆಗೆ ಹೊರಟಿದ್ದಾನೆ. ಹಿಂದಿನ ರಾತ್ರಿಯ ಔಷಧವನ್ನು ಒಂಬತ್ತು ಗಂಟೆಗೆ ನುಂಗಿದ್ದಾನೆ. ಬೆಳಗಿನದನ್ನು ಮಾತ್ರ ನುಂಗದೆ ಜೇಬಿನಲ್ಲಿ ಇಟ್ಟುಕೊಂಡಿದ್ದಾನೆ. ಇದು ಮರೆವಲ್ಲ. ಏಕೆಂಬುದನ್ನು ತಿಳಿಯಲು ಈ ಔಷಧದ ಸ್ವಭಾವವನ್ನು ನಾವು ಸ್ವಲ್ಪ ಪರಿಶೀಲಿಸಬೇಕು.

ಲಿಥಿಯಂ ಲೋಹಗಳಲ್ಲೆಲ್ಲ ಹಗುರವಾದುದು; ಅಡಿಗೆಯ ಉಪ್ಪಿನಲ್ಲಿರುವ ಸೋಡಿಯಂ ಧಾತುವಿಗೆ ದಾಯಾದಿ. 1949ರಲ್ಲಿ ಆಸ್ಟ್ರೇಲಿಯದ ಜಾನ್ ಕೇಡ್ ಎಂಬ ವೈದ್ಯನು ಇದರ ಲವಣಗಳಿಂದ ಉನ್ಮಾದವು ಶಮನವಾಗುವುದನ್ನು ಪ್ರಕಟಿಸಿದನು. ಆದರೆ ಆತನ ಮೊದಲ ರೋಗಿಯೇ ಮರುವರ್ಷ ಲಿಥಿಯಂ ವಿಷದಿಂದ ಮೃತನಾದನು. ಅದೇ 1949ರಲ್ಲಿ ಅಮೆರಿಕದಲ್ಲಿ ಹೃದ್ರೋಗಿಗಳು ಉಪ್ಪಿಗೆ ಬದಲಾಗಿ ಲಿಥಿಯಂ ಕ್ಲೋರೈಡನ್ನು ಊಟಕ್ಕೆ ಬೆರೆಸಿಕೊಂಡು, ಕೆಲವರು ಪ್ರಾಣವನ್ನೇ ಕಳೆದುಕೊಂಡಿದ್ದರು. ಔಷಧವಾಗುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವಣ ಅಂತರ ಅಷ್ಟು ಕಿರಿದು. ರಕ್ತದಲ್ಲಿರುವ ಲಿಥಿಯಮನ್ನು ಅಳೆಯುವ ಕ್ರಮವು ರೂಢಿಗೆ ಬಂದ ಮೇಲೆಯೇ ಈ ಚಿಕಿತ್ಸೆಗೆ ಭದ್ರವಾದ ನೆಲೆ ದೊರೆಯಿತು. ಲಿಥಿಯಂ ಲವಣವನ್ನು ಜ್ವಾಲೆಗೆ ಹಿಡಿದರೆ ಕಡುಗೆಂಪು ಬಣ್ಣ ತೋರುತ್ತದೆ. ಆ ಕೆಂಪಿನ ತೀವ್ರತೆಯನ್ನು ಅಳೆದು ಲಿಥಿಯಂ ಎಷ್ಟಿದೆಯೆಂದು ಹೇಳುವುದು ಜ್ವಾಲಾಮಾಪಕದ ಕೆಲಸ.

'ಮಾತ್ರೆ' ಎಂಬ ಶಬ್ದಕ್ಕೆ ಅಳತೆಯೆಂಬ ಅರ್ಥವೂ ಉಂಟು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂದು ವಿದ್ಯಾರ್ಥಿಗಳು ಛಂದಸ್ಸಿನಲ್ಲಿ ಎಣಿಸಿಯೇ ಇರುತ್ತಾರೆ. ಲಿಥಿಯಮಿನ ವಿಷಯದಲ್ಲಿ ಮಾತ್ರೆಯನ್ನು ಎಣಿಸಿದರೆ ಸಾಲದು. 300 ಮಿಲಿಗ್ರಾಂ ಲಿಥಿಯಂ ಕಾರ್ಬೊನೇಟ್ ಮಾತ್ರೆಯೊಂದರಲ್ಲಿ ಲಿಥಿಯಂ ಇರುವುದು ಸುಮಾರು 8 ಮಿಲಿಮೋಲ್. ದಿನಕ್ಕೆ ಮೂರು ಮಾತ್ರೆಯಾದರೆ 24. ದೇಹದಲ್ಲಿರುವ ನೀರನ್ನು 40 ಲೀಟರೆಂದು ಹಿಡಿಯೋಣ. ಲೆಕ್ಕದ ಸೌಕರ್ಯಕ್ಕಾಗಿ ಮೂರನ್ನೂ ಒಮ್ಮೆಗೇ ನುಂಗಿದನೆನ್ನೋಣ. ಆಗ ಪ್ರತಿ ಲೀಟರಿಗೆ 0.6 ಮಿಲಿಮೋಲ್ ಸೇರುತ್ತದೆ. ಮೂತ್ರಪಿಂಡಗಳು ಒಂದು ದಿನದಲ್ಲಿ ಅದರ ಅರ್ಧವನ್ನು ಹೊರಹಾಕಿದರೆ ಉಳಿಯುವುದು 0.3. ಎರಡನೆಯ ದಿನದ ಕೊನೆಗೆ 0.45, ಮೂರನೆಯ ದಿನಕ್ಕೆ 0.525, ಹೀಗೆ ಏರುತ್ತ ಐದಾರು ದಿನಗಳಲ್ಲಿ 0.6ರ ಸಮೀಪಕ್ಕೆ ಬಂದು ನಿಲ್ಲುತ್ತದೆ. ಮಾತ್ರೆಗಳ ಸಂಖ್ಯೆಯನ್ನು ಬದಲಾಯಿಸಿದ ಮೇಲೆ ವೈದ್ಯರು ಐದರಿಂದ ಏಳು ದಿನ ಕಾದು ರಕ್ತವನ್ನು ಪರೀಕ್ಷಿಸುವುದು ಇದಕ್ಕಾಗಿ.

ಈಗ ಅದೇ ಮೂರು ಮಾತ್ರೆಗಳನ್ನೇ ಇಟ್ಟುಕೊಂಡು, ಮೂತ್ರಪಿಂಡಗಳು ಅರ್ಧಕ್ಕೆ ಬದಲು ಮೂರನೆಯ ಒಂದಂಶವನ್ನಷ್ಟೆ ಹೊರಹಾಕುತ್ತವೆಯೆಂದು ಊಹಿಸಿರಿ. ಮಟ್ಟವು 0.6ರಲ್ಲಿ ನಿಲ್ಲದೆ 1.2ರ ವರೆಗೆ ಏರುತ್ತದೆ. ನಾಲ್ಕನೆಯ ಒಂದಂಶಕ್ಕೆ ಇಳಿದರೆ 1.8! ಇದು ತರಗತಿಯ ಲೆಕ್ಕ; ನಿಜವಾದ ದೇಹ ಇಷ್ಟು ಸರಳವಲ್ಲ. ಆದರೆ ದೀರ್ಘಕಾಲದ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಅಪೇಕ್ಷಿತವಾದ ಮಟ್ಟ 0.6ರಿಂದ 1.0, ಮತ್ತು 1.5ನ್ನು ಮೀರಿದರೆ ವಿಷಲಕ್ಷಣಗಳು ತೋರುವ ಸಂಭವ ಹೆಚ್ಚು ಎಂಬುದನ್ನು ನೆನೆದರೆ, ಒಂದು ಮಾತ್ರೆಯನ್ನೂ ಹೆಚ್ಚಾಗಿ ನುಂಗದವನಿಗೂ ಅಪಾಯ ಬರಬಹುದೆಂಬುದು ಸ್ಪಷ್ಟವಾಗುತ್ತದೆ.

ಮೂತ್ರಪಿಂಡಗಳು ಹೀಗೆ ಕೈಬಿಗಿ ಹಿಡಿಯುವುದೇಕೆ? ಉಪ್ಪಿನ ಸಲುವಾಗಿ. ಬಿರುಬಿಸಿಲಿನಲ್ಲಿ ಹೊಲದ ಕೆಲಸಮಾಡಿ ಬೆವರಿದಾಗ, ವಾಂತಿಭೇದಿಯಾದಾಗ, ಅಥವಾ ಉಪ್ಪನ್ನು ಥಟ್ಟನೆ ಬಿಟ್ಟಾಗ ದೇಹದಲ್ಲಿ ಸೋಡಿಯಂ ಕಡಿಮೆಯಾಗುತ್ತದೆ. ಮೂತ್ರಪಿಂಡಗಳು ಅದನ್ನು ಉಳಿಸಿಕೊಳ್ಳಲು ಹವಣಿಸುತ್ತವೆ. ದಾಯಾದಿಯಾದ ಲಿಥಿಯಮನ್ನೂ ಜೊತೆಗೇ ಹಿಂದಕ್ಕೆ ಸೆಳೆದುಕೊಳ್ಳುತ್ತವೆ. ಮೈಕೈ ನೋವಿಗೆಂದು ಅಂಗಡಿಯಿಂದ ತಂದು ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳೂ, ರಕ್ತದೊತ್ತಡಕ್ಕೆ ಕೊಡುವ ಕೆಲವು ಔಷಧಗಳೂ ಲಿಥಿಯಮನ್ನು ಏರಿಸಬಲ್ಲವು. ಕೈಗಳ ಸಣ್ಣ ನಡುಕ ಈ ಚಿಕಿತ್ಸೆಯಲ್ಲಿ ಅಪರೂಪವಲ್ಲ. ನಡುಕ ಒರಟಾಗಿ, ವಾಂತಿಭೇದಿ ಹತ್ತಿ, ಹೆಜ್ಜೆ ತಪ್ಪಿ, ಮಾತು ತೊದಲತೊಡಗಿದರೆ ಮುಂದಿನ ಮಾತ್ರೆಯನ್ನು ಕೊಡದೆ ರೋಗಿಯನ್ನು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಇಂಥ ತುರ್ತಿಲ್ಲದಿರುವಾಗ ವೈದ್ಯರನ್ನು ಕೇಳದೆ ಔಷಧವನ್ನು ಹಠಾತ್ತನೆ ನಿಲ್ಲಿಸುವುದೂ ತಪ್ಪೇ. ಉನ್ಮಾದವು ಮರುಕಳಿಸುವ ಭಯವುಂಟು.

ಇನ್ನು ಜೇಬಿನಲ್ಲಿರುವ ಮಾತ್ರೆಯ ವಿಚಾರ. ನುಂಗಿದ ಕೆಲವು ಗಂಟೆಗಳಲ್ಲಿ ರಕ್ತದ ಲಿಥಿಯಂ ಶಿಖರಕ್ಕೇರಿ, ಬಳಿಕ ಅಂಗಾಂಶಗಳಿಗೆ ಹಂಚಿಹೋಗಿ ಇಳಿಯುತ್ತದೆ. ಮೇಲೆ ಹೇಳಿದ 0.6, 1.0 ಮೊದಲಾದ ಮಿತಿಗಳು ಕೊನೆಯ ಸೇವನೆಯಾಗಿ ಹನ್ನೆರಡು ಗಂಟೆಗಳ ಬಳಿಕ ತೆಗೆದ ರಕ್ತಕ್ಕೆ ಮಾತ್ರ ಸಲ್ಲುತ್ತವೆ. ನಮ್ಮ ತರುಣನು ಬಸ್ಸು ಹತ್ತುವ ಮೊದಲೇ ಮಾತ್ರೆಯನ್ನು ನುಂಗಿದ್ದರೆ ಅಂಕಿ ಹುಸಿಯಾಗಿ ಏರಿ, ವೈದ್ಯರು ಅಗತ್ಯವಿಲ್ಲದೆ ಔಷಧವನ್ನು ಇಳಿಸಬಹುದಾಗಿತ್ತು. ಪ್ರಯೋಗಶಾಲೆಯಲ್ಲಿಯೂ ಒಂದು ಎಚ್ಚರ ಬೇಕು. ರಕ್ತ ಹೆಪ್ಪುಗಟ್ಟದಂತೆ ಕೆಲವು ನಳಿಕೆಗಳಿಗೆ ಲೇಪಿಸಿರುವುದು ಲಿಥಿಯಂ ಹೆಪಾರಿನ್. ಅಂಥದರಲ್ಲಿ ರಕ್ತವನ್ನು ಹಿಡಿದರೆ ರೋಗಿಯ ಲಿಥಿಯಮಿಗೆ ನಳಿಕೆಯ ಲಿಥಿಯಮೂ ಸೇರಿ ಲೆಕ್ಕ ಕೆಡುತ್ತದೆ. ಒಂಬತ್ತು ಗಂಟೆಗೆ ಸರಿಯಾದ ನಳಿಕೆಯಲ್ಲಿ ರಕ್ತ ಕೊಟ್ಟಾದ ಮೇಲೆ ಆತನು ಜೇಬಿನ ಮಾತ್ರೆಯನ್ನು ನುಂಗಬಹುದು.