ನಮ್ಮ ಹಗರಿ ನದಿ

ಮಕ್ಕಳೇ, ರಾಯದುರ್ಗದ ಸೀಮೆಯಲ್ಲಿ ಹರಿಯುವ ಹಗರಿ ನದಿಯನ್ನು ನೀವು ನೋಡಿರಬಹುದು. ಇದರ ಇನ್ನೊಂದು ಹೆಸರು ವೇದಾವತಿ. ಈ ಹೆಸರು ಹೇಗೆ ಬಂದಿತು ಗೊತ್ತೇ?

ಕರ್ನಾಟಕದ ಚಿಕ್ಕಮಗಳೂರು ಜಿಲ್ಲೆಯ ಬಾಬಾಬುಡನ್ ಬೆಟ್ಟಗಳಲ್ಲಿ ವೇದಾ, ಅವತಿ ಎಂಬ ಎರಡು ಹೊಳೆಗಳು ಹುಟ್ಟುತ್ತವೆ. ಅವೆರಡೂ ಕಡೂರು ತಾಲ್ಲೂಕಿನಲ್ಲಿ ಕೂಡಿ ವೇದಾವತಿಯಾಗುತ್ತವೆ.

ಚಿತ್ರದುರ್ಗ ಜಿಲ್ಲೆಯ ಹಿರಿಯೂರಿನ ಬಳಿ ಈ ನದಿಗೆ ವಾಣಿವಿಲಾಸ ಸಾಗರ ಅಣೆಕಟ್ಟನ್ನು ಕಟ್ಟಿದ್ದಾರೆ. ಈ ಕೆಲಸ 1907ರಲ್ಲಿ ಮುಗಿಯಿತು. ಈ ಸೀಮೆಯಲ್ಲಿ ಮಳೆ ಕಡಿಮೆ. 1933ರಲ್ಲಿ ತುಂಬಿದ್ದ ಜಲಾಶಯವು ಮತ್ತೆ ತುಂಬಿ ಹರಿದದ್ದು 89 ವರ್ಷಗಳ ಮೇಲೆ, 2022ರಲ್ಲಿ! ಅಣೆಕಟ್ಟಿನ ಕೆಳಗೆ ಸುವರ್ಣಮುಖಿ ಎಂಬ ಉಪನದಿ ಬಂದು ಸೇರುತ್ತದೆ.

ಮುಂದೆ ನದಿಯು ಅನಂತಪುರ ಜಿಲ್ಲೆಗೆ ಬರುತ್ತದೆ. ಗುಮ್ಮಗಟ್ಟ ಮಂಡಲದಲ್ಲಿ ಭೈರವಾನಿತಿಪ್ಪ ಅಣೆಕಟ್ಟು ಇದೆ. ಅಲ್ಲಿಂದ ಹಗರಿಯು ಉತ್ತರಕ್ಕೆ ಹರಿಯುತ್ತದೆ. ಚಿನ್ನ ಹಗರಿಯೂ ಇದರ ಒಂದು ಉಪನದಿ. ಬಳ್ಳಾರಿ ಜಿಲ್ಲೆಯನ್ನು ದಾಟಿ ಹಗರಿಯು ತುಂಗಭದ್ರೆಯನ್ನು ಸೇರುತ್ತದೆ. ತುಂಗಭದ್ರೆ ಕೃಷ್ಣೆಯನ್ನೂ, ಕೃಷ್ಣೆ ಬಂಗಾಳಕೊಲ್ಲಿಯನ್ನೂ ಸೇರುತ್ತವೆ.

ಬೇಸಗೆಯಲ್ಲಿ ಹಗರಿ ಒಣಗುತ್ತದೆ. ಆಗ ಬಿರುಗಾಳಿಯು ನದಿಯ ಮರಳನ್ನು ಹೊಲಗಳ ಮೇಲೆ ತಂದು ಸುರಿಯುತ್ತದೆ. ಕಣೇಕಲ್ಲು, ಬೊಮ್ಮನಹಾಳ್ ಕಡೆ ಮರಳಿನ ದಿಬ್ಬಗಳೇ ಎದ್ದಿವೆ. ಮರಳು ಮುಚ್ಚಿದ ಹೊಲದಲ್ಲಿ ಬೆಳೆ ಬರುವುದಿಲ್ಲ. ದಡದಲ್ಲಿ ಗಿಡಮರ ಬೆಳೆಸಿದರೆ ಗಾಳಿಯ ವೇಗ ತಗ್ಗುತ್ತದೆ. ಬೇರುಗಳು ಮರಳನ್ನು ಹಿಡಿದು ನಿಲ್ಲಿಸುತ್ತವೆ.

ಹಾಗೆಂದು ನದಿಯ ಮರಳನ್ನೆಲ್ಲ ತೋಡಿ ಸಾಗಿಸಬಾರದು. ಮಳೆಯ ನೀರು ಮರಳಿನಲ್ಲಿ ಇಂಗಿ ನಿಲ್ಲುತ್ತದೆ. ಮರಳು ಹೋದರೆ ಸುತ್ತಲಿನ ಬಾವಿಗಳು ಬತ್ತುತ್ತವೆ. ನದಿ ಒಣಗಿದಂತೆ ಕಂಡರೂ ಅದರ ಒಡಲಿನಲ್ಲಿ ನೀರು ಇರುತ್ತದೆ. ಅದನ್ನು ಕಾಪಾಡುವುದು ನಮ್ಮೆಲ್ಲರ ಕರ್ತವ್ಯ.

ಪ್ರಶ್ನೆಗಳು
1. ವೇದಾವತಿ ಎಂಬ ಹೆಸರು ಹೇಗೆ ಬಂದಿತು?
2. ಹಗರಿಯ ಉಪನದಿಗಳು ಯಾವುವು?
3. ನದಿಯ ಮರಳನ್ನು ಏಕೆ ಉಳಿಸಬೇಕು?