ಹುಮ್ಮಸ್ಸು ಇಳಿದ ದಿನವೂ ಕಸರತ್ತು ನಿಲ್ಲದಿರಲು

ವ್ಯಾಯಾಮ ಶುರು ಮಾಡುವುದು ಅಂಥ ಕಷ್ಟವೇನಲ್ಲ. ಹೊಸ ಶೂ ಕೊಂಡ ವಾರ ಎಲ್ಲರಿಗೂ ಬೆಳಿಗ್ಗೆ ಐದೂವರೆಗೇ ಎಚ್ಚರವಾಗುತ್ತದೆ. ನಿಜವಾದ ಪರೀಕ್ಷೆ ಮೂರನೇ ತಿಂಗಳಲ್ಲಿ. ಆಫೀಸಿನಲ್ಲಿ ಆಡಿಟ್, ಮಗುವಿಗೆ ಜ್ವರ, ಹೊರಗೆ ಜಡಿಮಳೆ, ತೂಕ ಮಾತ್ರ ಇದ್ದಷ್ಟೇ ಇದೆ. ಹತ್ತಾರು ವರ್ಷ ಬಿಡದೆ ಕಸರತ್ತು ಮಾಡಿಕೊಂಡು ಬಂದವರಿಗೂ ದಿನಾ ಹುಮ್ಮಸ್ಸು ಇರುವುದಿಲ್ಲ. ಅದು ಇಲ್ಲದ ದಿನ ಏನು ಮಾಡಬೇಕು, ನಡುವೆ ಬಿಟ್ಟುಹೋದರೆ ಮತ್ತೆ ಹೇಗೆ ಹಿಡಿಯಬೇಕು ಎಂಬುದನ್ನು ಅವರು ಮೊದಲೇ ಗೊತ್ತುಮಾಡಿಕೊಂಡಿರುತ್ತಾರೆ. ಮನೋಬಲ ಎಂದರೆ ನನ್ನ ಮಟ್ಟಿಗೆ ಅದೇ.

1. ದಿನ, ಹೊತ್ತು, ಜಾಗ ಬರೆದಿಡಿ

"ನಾಳೆಯಿಂದ ವಾಕಿಂಗ್ ಹೋಗ್ತೀನಿ" ಅಂದರೆ ಸಾಲದು. "ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಹಾಲು ತಂದಿಟ್ಟ ಕೂಡಲೇ ಕೆರೆ ಏರಿಯ ಮೇಲೆ ಎರಡು ಸುತ್ತು" ಎಂದು ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. 2002ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿದ್ದರು. ಏನೂ ಹೇಳದೆ ಬಿಟ್ಟ ಗುಂಪಿನಲ್ಲಿ ಮುಂದಿನ ವಾರ ವ್ಯಾಯಾಮ ಮಾಡಿದವರು ಶೇ 38. ಹೃದ್ರೋಗದ ಅಪಾಯ, ವ್ಯಾಯಾಮದ ಲಾಭ ಎಲ್ಲವನ್ನೂ ಓದಿಸಿ ಹುರಿದುಂಬಿಸಿದ ಗುಂಪಿನಲ್ಲಿ ಶೇ 35. ಅದನ್ನೇ ಓದಿಸಿ, ಜೊತೆಗೆ ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ಎಂದು ಬರೆಸಿಕೊಂಡ ಗುಂಪಿನಲ್ಲಿ ಶೇ 91. ಬರೀ ಉಪದೇಶದಿಂದ ಎದ್ದು ಹೊರಟವರು ಹೆಚ್ಚಲಿಲ್ಲ. ಹೊರಡಿಸಿದ್ದು ಒಂದು ಚೀಟಿ.

2. ಕೆಟ್ಟ ದಿನಕ್ಕೂ ಒಂದು ಅಳತೆ ಇರಲಿ

ಒಳ್ಳೆಯ ದಿನ ಮುಕ್ಕಾಲು ಗಂಟೆ. ಕೆಟ್ಟ ದಿನ ಮೂರು ಸೂರ್ಯನಮಸ್ಕಾರ, ಇಪ್ಪತ್ತು ಬಸ್ಕಿ, ಅಲ್ಲಿಗೆ ಸಾಕು. ಎಷ್ಟೇ ಬಿಡುವಿಲ್ಲದಿದ್ದರೂ ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ ಎಂದು ನಿಶ್ಚಯಿಸಿ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ಕಸರತ್ತು. ಒಂದೇ ಸಮನೆ ಹತ್ತು ನಿಮಿಷವಾದರೂ ಮಾಡಿದರಷ್ಟೇ ಲೆಕ್ಕ ಎಂಬ ಹಳೆಯ ಷರತ್ತನ್ನು 2020ರಲ್ಲಿ ಅದು ಕೈಬಿಟ್ಟಿತು. ಬಸ್‌ಸ್ಟಾಪಿನವರೆಗೆ ಬಿರುಸಾಗಿ ನಡೆದ ಐದು ನಿಮಿಷವೂ ಈಗ ಲೆಕ್ಕಕ್ಕೆ ಬರುತ್ತದೆ.

3. ಇಪ್ಪತ್ತೊಂದು ದಿನದ ಮಾತನ್ನು ನಂಬಿ ಕೂರಬೇಡಿ

ಇಪ್ಪತ್ತೊಂದು ದಿನ ಮಾಡಿದರೆ ಅಭ್ಯಾಸವಾಗಿಬಿಡುತ್ತದೆ ಎಂದು ಯಾರೋ ಹೇಳಿರುತ್ತಾರೆ. ಇಪ್ಪತ್ತೆರಡನೇ ದಿನವೂ ಹಾಸಿಗೆ ಬಿಡಲು ಮನಸ್ಸು ಬಾರದಾಗ "ನನ್ನಲ್ಲೇ ಏನೋ ಕೊರತೆ" ಅನ್ನಿಸುತ್ತದೆ. ಕೊರತೆ ನಿಮ್ಮಲ್ಲಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು 12 ವಾರ ಗಮನಿಸಿದಾಗ, ಹೊಸ ಕೆಲಸವೊಂದು ತಾನಾಗಿ ನಡೆಯುವ ಹಂತಕ್ಕೆ ಬರಲು ಸುಮಾರು 66 ದಿನ ಬೇಕಾಗುತ್ತದೆ ಎಂದು ಕಂಡುಬಂತು. ಕೆಲವರಿಗೆ 18 ದಿನ ಸಾಕಾದರೆ, ಇನ್ನು ಕೆಲವರಿಗೆ 254 ದಿನ ಬೇಕಾಗಬಹುದೆಂದು ಲೆಕ್ಕ ಹೇಳಿತು. ಒಂದು ಲೋಟ ನೀರು ಕುಡಿಯುವಂಥ ಅಭ್ಯಾಸ ಬೇಗ ಕೂತಿತು, ವ್ಯಾಯಾಮದ್ದು ತಡವಾಯಿತು. ಹಾಗಾಗಿ ಮೊದಲ ನಾಲ್ಕೈದು ತಿಂಗಳು ಬೇಸರ ಬಂದೇ ಬರುತ್ತದೆ ಎಂದು ತಿಳಿದೇ ಇಳಿಯಿರಿ.

4. ತಪ್ಪಿದ ದಿನವಲ್ಲ, ಅದರ ಮರುದಿನ ಮುಖ್ಯ

ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಗೊತ್ತಾಯಿತು. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಪೆಟ್ಟೇನೂ ಬೀಳಲಿಲ್ಲ. ಆದರೆ ನಮ್ಮಲ್ಲಿ ನಡೆಯುವುದೇ ಬೇರೆ. ಸೋದರಮಾವನ ಮಗಳ ಮದುವೆಗೆಂದು ಎರಡು ದಿನ ಹುಬ್ಬಳ್ಳಿಗೆ ಹೋಗುತ್ತೇವೆ. ಚಪ್ಪರದ ದಿನ ಹೋಳಿಗೆ, ಮದುವೆಯ ದಿನ ಎರಡು ಹೊತ್ತೂ ಪಂಕ್ತಿ ಊಟ, ರಾತ್ರಿ ನಿದ್ದೆಯಿಲ್ಲ. ಊರಿಗೆ ಮರಳಿದ ಬೆಳಿಗ್ಗೆ ಮೈ ಭಾರ. "ಹೇಗೂ ಕೆಟ್ಟಿತಲ್ಲ, ಬರುವ ಸೋಮವಾರದಿಂದ ನೋಡೋಣ." ಆ ಸೋಮವಾರ ಒಂದನೇ ತಾರೀಖಾಗುತ್ತದೆ, ಒಂದನೇ ತಾರೀಖು ಯುಗಾದಿಯಾಗುತ್ತದೆ. ವ್ಯಾಯಾಮ ಬಿಟ್ಟವರಲ್ಲಿ ಹೆಚ್ಚಿನವರು ಬಿಡಬೇಕೆಂದು ನಿರ್ಧರಿಸಿ ಬಿಟ್ಟವರಲ್ಲ. ಹೀಗೆ ಮುಂದೂಡುತ್ತ ಮುಂದೂಡುತ್ತ ಬಿಟ್ಟವರು.

ಊರಿಗೆ ಹೋಗುವ ಮುನ್ನವೇ ಮರಳುವ ದಿನವನ್ನು ಗೊತ್ತುಮಾಡಿ. ಆ ದಿನದ ಕಸರತ್ತು ಎಂದಿನ ಅರ್ಧದಷ್ಟಿರಲಿ, ಎತ್ತುವ ತೂಕವೂ ಕಡಿಮೆಯಿರಲಿ. ಬಿಟ್ಟದ್ದನ್ನೆಲ್ಲ ಒಂದೇ ದಿನ ತುಂಬಿಕೊಡಲು ಹೋದರೆ ಮರುದಿನ ಮೆಟ್ಟಿಲಿಳಿಯಲೂ ಆಗದಷ್ಟು ತೊಡೆ ನೋಯುತ್ತದೆ, ಮತ್ತೆರಡು ದಿನ ಹೋಗುತ್ತದೆ. ಎರಡು ಮೂರು ವಾರದ ಬಿಡುವಿನಿಂದ ಸ್ನಾಯುಗಳ ಬಲ ಅಷ್ಟಾಗಿ ಕುಂದುವುದಿಲ್ಲ. ಬೇಗ ಇಳಿಯುವುದು ದಮ್ಮು. ಓಡುವವರಿಗೆ ಏದುಸಿರು ಬರುವುದು ಅದರಿಂದಲೇ, ಹಿಂದಿನ ಶ್ರಮವೆಲ್ಲ ಮಣ್ಣುಪಾಲಾಯಿತೆಂದಲ್ಲ. ಜ್ವರದಿಂದ ಎದ್ದಿದ್ದರೆ ಮಾತ್ರ ಅವಸರ ಮಾಡಬೇಡಿ. ಸುಸ್ತು ಪೂರ್ತಿ ಹೋದ ಮೇಲೆಯೇ ಮೊದಲ ಹೆಜ್ಜೆ.

5. ಮೊದಲ ಹತ್ತು ನಿಮಿಷ ನೋಡಿ ತೀರ್ಮಾನಕ್ಕೆ ಬರಬೇಡಿ

ಓಟ ಶುರುವಾದಾಗ ಕಾಲಿನ ಸ್ನಾಯುಗಳಿಗೆ ಆಮ್ಲಜನಕದ ಬೇಡಿಕೆ ತಟ್ಟನೆ ಏರುತ್ತದೆ. ಹೃದಯ, ಶ್ವಾಸಕೋಶಗಳು ಆ ವೇಗಕ್ಕೆ ಹೊಂದಿಕೊಳ್ಳಲು ಕೆಲವು ನಿಮಿಷ ಹಿಡಿಯುತ್ತದೆ. ಕಾಲು ಮರಗಟ್ಟಿದಂತಾಗುವುದು, ಉಸಿರು ಸಿಗದಂತಾಗುವುದು ಆ ಹೊತ್ತಿನಲ್ಲೇ. ಅದು ದಾಟಿದರೆ ಹೆಜ್ಜೆಗೂ ಉಸಿರಿಗೂ ತಾಳ ಕೂಡಿಬರುತ್ತದೆ. ಕೆನಡಾದ ಸಂಶೋಧಕರು 2011ರಲ್ಲಿ ತೋರಿಸಿದ್ದೂ ಇದನ್ನೇ. ವ್ಯಾಯಾಮದಲ್ಲಿ ಎಷ್ಟು ಖುಷಿ ಸಿಕ್ಕೀತೆಂದು ಜನ ಮುಂಚೆ ಅಂದಾಜು ಮಾಡುವುದಕ್ಕಿಂತ ಹೆಚ್ಚೇ ಖುಷಿ ಅವರಿಗೆ ಸಿಗುತ್ತದೆ. ಅಂದಾಜು ತಪ್ಪುವುದೇಕೆಂದರೆ ಅವರ ಗಮನವೆಲ್ಲ ಆರಂಭದ ಕಷ್ಟದ ಮೇಲೆಯೇ ಇರುತ್ತದೆ. ಆದ್ದರಿಂದ ಮೊದಲ ಹತ್ತು ನಿಮಿಷ ಬೇಕೆಂದೇ ನಿಧಾನವಾಗಿ ಸಾಗಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಮಧ್ಯಮ ಶ್ರಮಕ್ಕೆ ಅದೇ ಅಳತೆ.

6. ನಿಮ್ಮೊಂದಿಗೆ ನೀವು ಆಡುವ ಮಾತು ತಿದ್ದಿಕೊಳ್ಳಿ

ದಂಡ ಹೊಡೆಯುವಾಗ ಹನ್ನೆರಡನೆಯದಕ್ಕೆ ತೋಳು ನಡುಗಲು ಶುರುವಾಗುತ್ತದೆ. ಮೂಗಿನ ತುದಿಯಿಂದ ಬೆವರು ಚಾಪೆಯ ಮೇಲೆ ಬೀಳುತ್ತದೆ. "ಆಗಲ್ಲ, ಸಾಕು" ಎಂಬ ಮಾತು ಒಳಗಿನಿಂದ ಬರುವುದು ಆಗ. ಅದಕ್ಕೆ ಉತ್ತರ ಮೊದಲೇ ಸಿದ್ಧವಿರಬೇಕು: "ಇನ್ನೆರಡು ಅಷ್ಟೇ, ಉಸಿರು ಬಿಡು." 2014ರ ಪ್ರಯೋಗವೊಂದರಲ್ಲಿ 24 ಜನ ಸುಸ್ತಾಗಿ ನಿಲ್ಲುವವರೆಗೆ ಸೈಕಲ್ ತುಳಿದರು. ಅವರಲ್ಲಿ ಒಂದು ಗುಂಪು ಎರಡು ವಾರ ತನಗೆ ತಾನೇ ಹುರುಪಿನ ಮಾತು ಹೇಳಿಕೊಳ್ಳುವ ಅಭ್ಯಾಸ ಮಾಡಿತು. ಎರಡನೇ ಸಲ ಆ ಗುಂಪಿನವರು ತುಳಿದ ಅವಧಿ ಶೇ 18ರಷ್ಟು ಹೆಚ್ಚಿತ್ತು. ಅಷ್ಟೇ ಶ್ರಮ ಅವರಿಗೆ ಮುಂಚಿಗಿಂತ ಹಗುರವೆನಿಸಿತ್ತು.

ಒಂದು ಎಚ್ಚರಿಕೆ. ಈ ಮಾತು ಸ್ನಾಯುವಿನ ಉರಿಗೆ, ಬೇಸರಕ್ಕೆ ಮಾತ್ರ. ಎದೆ ಹಿಡಿದಂತಾದರೆ, ತಲೆ ಸುತ್ತಿದರೆ, ಕೀಲಿನಲ್ಲಿ ಚುಚ್ಚಿದಂತೆ ನೋವಾದರೆ ಆ ಕ್ಷಣವೇ ನಿಲ್ಲಿಸಿ ವೈದ್ಯರ ಬಳಿ ಹೋಗಿ.

7. ಬೆಟ್ಟವನ್ನು ತುಂಡು ಮಾಡಿಕೊಳ್ಳಿ

ಮೈಸೂರಿನ ಚಾಮುಂಡಿ ಬೆಟ್ಟಕ್ಕೆ ಸಾವಿರದಷ್ಟು ಮೆಟ್ಟಿಲು. ಕೆಳಗೆ ನಿಂತು ಸಾವಿರವನ್ನೂ ಒಟ್ಟಿಗೆ ನೆನೆದರೆ ಕಾಲು ಅಲ್ಲೇ ಸೋಲುತ್ತದೆ. ದಿನಾ ಹತ್ತುವವರು ಹಾಗೆ ನೆನೆಯುವುದಿಲ್ಲ. ಮೊದಲು ಆ ತಿರುವು, ಆಮೇಲೆ ಆ ಮರದ ನೆರಳು, ಆಮೇಲೆ ದೊಡ್ಡ ನಂದಿ. ನಂದಿಯ ಬಳಿ ನಿಂತು ಸುಧಾರಿಸಿಕೊಂಡು ಮತ್ತೆ ಮೇಲಕ್ಕೆ. ಐದು ಕಿಲೋಮೀಟರ್ ಓಡುವವರಿಗೆ ಮುಂದಿನ ಲೈಟ್ ಕಂಬವೇ ನಂದಿ.

8. ಲೆಕ್ಕ ಇಡಿ, ಆದರೆ ತೂಕದ್ದಲ್ಲ

ಉಪ್ಪು, ನೀರು, ಊಟದ ಹೊತ್ತಿನಿಂದಲೇ ದೇಹದ ತೂಕ ದಿನದಿಂದ ದಿನಕ್ಕೆ ಒಂದು ಕಿಲೋ ಆಚೀಚೆ ಆಗುತ್ತದೆ. ಅದನ್ನು ನಿತ್ಯ ನೋಡಿ ಮನಸ್ಸು ಕೆಡಿಸಿಕೊಳ್ಳಬೇಡಿ. ಎಷ್ಟು ದಂಡ, ಎಷ್ಟು ಸುತ್ತು, ರಾತ್ರಿ ನಿದ್ದೆ ಹೇಗಿತ್ತು ಎಂದು ಡೈರಿಯಲ್ಲಿ ಒಂದು ಸಾಲು ಬರೆದರೆ ಸಾಕು. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಆಗಲಿಲ್ಲವೆಂದು ಕೊರಗುವವರಿಗೂ ಒಂದು ಮಾತು. ಆ ಸಂಖ್ಯೆ ಹರಡಿದ್ದು 1965ರಲ್ಲಿ ಜಪಾನಿನ ಕಂಪನಿಯೊಂದು ಮಾರುಕಟ್ಟೆಗೆ ಬಿಟ್ಟ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ. ಅಮೆರಿಕದಲ್ಲಿ ಸರಾಸರಿ 72 ವರ್ಷದ ಹದಿನಾರು ಸಾವಿರಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ 2019ರ ಅಧ್ಯಯನದಲ್ಲಿ, ತೀರಾ ಕಡಿಮೆ ನಡೆದವರಿಗೆ ಹೋಲಿಸಿದರೆ ದಿನಕ್ಕೆ ಸುಮಾರು 4,400 ಹೆಜ್ಜೆ ನಡೆದವರಲ್ಲೇ ಸಾವಿನ ಪ್ರಮಾಣ ಸಾಕಷ್ಟು ಕಡಿಮೆಯಿತ್ತು. 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ.

9. ಜೊತೆ ಬೇಕು, ಮನೆಯವರ ಒಪ್ಪಿಗೆಗಿಂತ ಹೆಚ್ಚಾಗಿ ಕೈ ಬೇಕು

ಗರಡಿಮನೆಗೆ ಹೋದ ಹುಡುಗ ಒಬ್ಬನೇ ಸಾಮು ಮಾಡುತ್ತಿರಲಿಲ್ಲ. ಮಟ್ಟಿಯನ್ನು, ಅಂದರೆ ಕುಸ್ತಿ ಕಣದ ಮಣ್ಣನ್ನು, ಹದ ಮಾಡುವುದರಿಂದ ಹಿಡಿದು ಜೋಡಿ ಕಟ್ಟುವವರೆಗೆ ಎಲ್ಲವೂ ನಾಲ್ಕು ಜನರ ನಡುವೆ. ಬಾರದಿದ್ದರೆ ಸಂಜೆಗೆ ಉಸ್ತಾದರು ಕೇಳುತ್ತಿದ್ದರು. "ಯಾಕೆ ಬರಲಿಲ್ಲ?" ಎಂದು ಕೇಳುವ ಒಬ್ಬರಾದರೂ ಇರಲಿ. ಪಾರ್ಕಿನ ಗೆಳೆಯರಾದೀತು, ಪಕ್ಕದ ಮನೆಯವರಾದೀತು.

ಹೆಣ್ಣುಮಕ್ಕಳ ವಿಷಯ ಇಷ್ಟಕ್ಕೆ ಮುಗಿಯುವುದಿಲ್ಲ. 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಅಂದಾಜಿನಂತೆ ಭಾರತದಲ್ಲಿ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲದ ಗಂಡಸರು ಶೇ 42, ಹೆಂಗಸರು ಶೇ 57. ಇದನ್ನು ಸೋಮಾರಿತನ ಎನ್ನುವವರು ಬೆಳಿಗ್ಗೆ ಆರರಿಂದ ಎಂಟರವರೆಗೆ ಅಡುಗೆಮನೆಯಲ್ಲಿ ನಿಂತು ನೋಡಬೇಕು. ಒಂದು ಒಲೆಯ ಮೇಲೆ ಪಲ್ಯ, ಇನ್ನೊಂದರ ಮೇಲೆ ಚಪಾತಿ, ಎರಡು ಸ್ಕೂಲ್ ಡಬ್ಬಿ, ಒಂದು ಆಫೀಸ್ ಡಬ್ಬಿ, ಅತ್ತೆಯ ಬಿ.ಪಿ. ಮಾತ್ರೆ, ನೀರು ಬಿಟ್ಟರೆ ಸಂಪು ತುಂಬಿಸಿಕೊಳ್ಳುವ ಗಡಿಬಿಡಿ. ಇಂಥ ಮನೆಯಲ್ಲಿ ಹೆಂಡತಿಗೆ "ನೀನೂ ವಾಕಿಂಗ್ ಹೋಗು" ಎಂದು ಹೇಳಿ ಪೇಪರ್ ಬಿಡಿಸಿ ಕುಳಿತರೆ ಏನು ಬಂತು? ವಾರಕ್ಕೆ ಮೂರು ದಿನ ಗಂಡ ಡಬ್ಬಿ ಕಟ್ಟಲಿ. ಬೆಳೆದ ಮಗ ತನ್ನ ತಿಂಡಿ ತಾನೇ ಮಾಡಿಕೊಳ್ಳಲಿ. ಆಕೆ ಕೆರೆ ಸುತ್ತಿ ಬರುವವರೆಗೆ ಫೋನ್ ಮಾಡಿ "ಸಕ್ಕರೆ ಎಲ್ಲಿದೆ?" ಎಂದು ಕೇಳದಿರಲಿ.

10. ವಿಶ್ರಾಂತಿಯನ್ನೂ ವೇಳಾಪಟ್ಟಿಗೆ ಸೇರಿಸಿ

ಹೊಸ ಕಸರತ್ತಿನ ಮೈಕೈ ನೋವು ಹೆಚ್ಚಾಗುವುದು ಒಂದರಿಂದ ಮೂರು ದಿನದೊಳಗೆ. ಅದೇ ಸ್ನಾಯುವನ್ನು ಮಾರನೇ ದಿನವೇ ದುಡಿಸಬೇಡಿ. ರಾತ್ರಿ ಹನ್ನೆರಡರವರೆಗೆ ಮೊಬೈಲ್ ನೋಡಿ ಐದಕ್ಕೆ ಅಲಾರಂ ಇಡುವುದಂತೂ ಬೇಡ.

11. ಮಳೆಗಾಲಕ್ಕೆ ಬೇರೆ ಪಟ್ಟಿ

ಮಲೆನಾಡು, ಕರಾವಳಿಯವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ನಡಿಗೆ ನೆಚ್ಚುವಂಥದಲ್ಲ. ಜಗಲಿಯಲ್ಲಿ ಆಗುವಂಥದ್ದನ್ನು ಮೇ ತಿಂಗಳಲ್ಲೇ ಕಲಿತಿಟ್ಟುಕೊಳ್ಳಿ: ಬಸ್ಕಿ, ದಂಡ, ಸೂರ್ಯನಮಸ್ಕಾರ, ಹಗ್ಗ ಜಿಗಿತ.

12. "ಇದು ನಮ್ಮಂಥವರಿಗಲ್ಲ" ಎನ್ನಬೇಡಿ

ಓದು ಬರಹದವರಿಗೆ ಕಸರತ್ತು ಒಗ್ಗದು ಎನ್ನುವವರಿಗೆ ಕೆ.ವಿ. ಅಯ್ಯರ್ ನೆನಪಾಗಬೇಕು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ ಎಷ್ಟೋ ಯುವಕರ ಮೈ ಕಟ್ಟಿದ ಅವರೇ 'ಶಾಂತಲಾ' ಕಾದಂಬರಿಯನ್ನೂ ಬರೆದವರು. ವಯಸ್ಸಾಯಿತು ಎನ್ನುವವರಿಗೆ ಫೌಜಾ ಸಿಂಗ್. ಪಾಸ್‌ಪೋರ್ಟ್ ಪ್ರಕಾರ 1911ರಲ್ಲಿ ಪಂಜಾಬಿನಲ್ಲಿ ಹುಟ್ಟಿದ ಅವರು ಹೆಂಡತಿ ಹಾಗೂ ಮಗನನ್ನು ಕಳೆದುಕೊಂಡ ದುಃಖದಲ್ಲಿ ಓಟ ಹಿಡಿದರು. 2000ದಲ್ಲಿ, 89ನೇ ವಯಸ್ಸಿಗೆ, ಲಂಡನ್ ಮ್ಯಾರಥಾನ್ ಓಡಿದರು. 2011ರಲ್ಲಿ ಟೊರಾಂಟೊದಲ್ಲಿ ನೂರರ ವಯಸ್ಸಿಗೆ ಮತ್ತೊಂದು.

ಎಲ್ಲರೂ ಮ್ಯಾರಥಾನ್ ಓಡಬೇಕಿಲ್ಲ. 65 ದಾಟಿದವರು ವಾರಕ್ಕೆ ಮೂರು ದಿನವಾದರೂ ದೇಹದ ಸಮತೋಲನ ಕಾಯುವ ಕಸರತ್ತು ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಮ್ಮನಿಗೋ ಅಪ್ಪನಿಗೋ ಇವತ್ತೇ ಹೇಳಿಕೊಡಿ: ಅಡುಗೆಮನೆಯ ಕಟ್ಟೆಗೆ ಎರಡೂ ಕೈ ಊರಿ, ಒಂದು ಪಾದ ಸ್ವಲ್ಪವೇ ಎತ್ತಿ ಹತ್ತರವರೆಗೆ ಎಣಿಸಬೇಕು. ಆಮೇಲೆ ಇನ್ನೊಂದು ಪಾದ. ಮೊದಲ ಕೆಲವು ವಾರ ನೀವು ಪಕ್ಕದಲ್ಲೇ ನಿಂತಿರಿ.